ಪಹಣಿ ಫೋಟೊ ನೋಡಿ ಮುಂಗಡ ಕಳಿಸುವವರಿಗೆ

ಮಧ್ಯಾಹ್ನದಿಂದ ಸಿಟ್ಟು ಇಳಿದಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಹೊರದೇಶದಲ್ಲಿ ಕೆಲಸಕ್ಕಿರುವ ನಮ್ಮ ಸೀಮೆಯ ಮಕ್ಕಳು ಇದನ್ನು ಕೊನೆಯವರೆಗೆ ಓದಬೇಕು. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ದಯವಿಟ್ಟು ಕಳಿಸಿಕೊಡಿ.

ಇವತ್ತು ನನ್ನ ಕಚೇರಿಗೆ ಹಿರಿಯರೊಬ್ಬರು ಬಂದಿದ್ದರು. ಎಪ್ಪತ್ತು ದಾಟಿದೆ, ಮಂಡಿನೋವು ಬೇರೆ. ಈ ಮಳೆಯಲ್ಲಿ ಎರಡು ಬಸ್ ಬದಲಿಸಿ ಬಂದಿದ್ದರು. (ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ, ಊರು ಹೇಳುವುದಿಲ್ಲ.) ಹೊರದೇಶದಲ್ಲಿರುವ ಮಗ ನಾಲ್ಕು ಎಕರೆ ಅಡಿಕೆ ತೋಟಕ್ಕೆ ಮುಂಗಡ ಕಳಿಸಿದ್ದಾನೆ. ಡ್ರೋನ್ ವಿಡಿಯೊ ನೋಡಿದ, ವಾಟ್ಸಾಪ್‌ನಲ್ಲಿ ಬಂದ ಪಹಣಿಯ ಫೋಟೊ ನೋಡಿದ, ಹಣ ಹಾಕಿದ. ಈಗ ಅಪ್ಪನಿಗೆ ಹೇಳಿದ್ದಾನೆ, "ವಕೀಲರಿಗೆ ಒಂದು ಸಲ ತೋರಿಸಿಬಿಡಿ." ಹಣ ಕೊಟ್ಟಾದ ಮೇಲೆ! "ಪಹಣಿ ಸರಿ ಇದೆಯಲ್ಲ ತಂಗೀ?" ಎಂದು ಅವರು ಕೇಳಿದಾಗ ಏನು ಹೇಳಲಿ? ಪಹಣಿ ಸರಿಯಾಗಿಯೇ ಇತ್ತು, ಮಾರುವವರ ಹೆಸರೂ ಇತ್ತು. ಆದರೆ ಅದರಲ್ಲಿದ್ದದ್ದು ಒಂದು ಎಕರೆ ಇಪ್ಪತ್ತು ಗುಂಟೆ. ವಿಡಿಯೊದಲ್ಲಿ ಹಸಿರಾಗಿ ಕಾಣುತ್ತಿದ್ದ ಉಳಿದದ್ದರಲ್ಲಿ ಒಂದು ಭಾಗ ಸೊಪ್ಪಿನಬೆಟ್ಟ, ಇನ್ನೊಂದು ಭಾಗ ಸಕ್ರಮಕ್ಕೆಂದು ನಮೂನೆ 57ರಲ್ಲಿ ಅರ್ಜಿ ಹಾಕಿ ಕಾಯುತ್ತಿರುವ ಬಗರ್ ಹುಕುಂ (ಮಂಜೂರಾತಿ ಇಲ್ಲದ) ಸಾಗುವಳಿ. ಎರಡೂ ಸರ್ಕಾರದ ಜಮೀನು.

ನಾನು ಎಷ್ಟು ಸಲ ಹೇಳಿದರೂ ಸಾಲದು: ಪಹಣಿ ಒಡೆತನದ ಪತ್ರವಲ್ಲ. ಅದು ಕಂದಾಯದ ದಾಖಲೆ. 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಅದರಲ್ಲಿರುವ ನಮೂದನ್ನು ತಪ್ಪೆಂದು ತೋರಿಸುವವರೆಗೆ ನಿಜವೆಂದು ಭಾವಿಸಬೇಕು, ಅಷ್ಟೇ. ಒಡೆತನ ಬರುವುದು ಕ್ರಯಪತ್ರದಿಂದ, ವಿಭಾಗಪತ್ರದಿಂದ, ಉಯಿಲಿನಿಂದ, ಮಂಜೂರಾತಿ ಆದೇಶದಿಂದ, ಭೂನ್ಯಾಯ ಮಂಡಳಿಯ ತೀರ್ಪಿನಿಂದ. ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದ ಸರ್ಕಾರದ 'ಭೂಮಿ' ತಂತ್ರಾಂಶ ಬಂದ ಮೇಲೆ ಪಹಣಿ ಸುಲಭವಾಗಿ ಸಿಗುತ್ತದೆ, ಅದು ಒಳ್ಳೆಯದೇ. ಆದರೆ ಸುಲಭವಾಗಿ ಸಿಕ್ಕಿದ್ದಷ್ಟೇ ಸಾಕು ಎಂದು ಜನ ನಂಬಿದ್ದಾರೆ. ಪಹಣಿಯನ್ನೇ ನೋಡುತ್ತೀರಾದರೆ ಪೂರ್ತಿ ನೋಡಿ. ಸೊಸೈಟಿ ಸಾಲ, ನ್ಯಾಯಾಲಯದ ತಡೆ, ಪರಭಾರೆಗಿರುವ (ಬೇರೆಯವರಿಗೆ ವರ್ಗಾಯಿಸಲು ಇರುವ) ನಿರ್ಬಂಧ ಎಲ್ಲ ಕೂತಿರುವುದು 11ನೇ ಕಾಲಂನಲ್ಲಿ. ಆ ಹಿರಿಯರ ಮೊಬೈಲ್‌ಗೆ ಬಂದಿದ್ದ ಫೋಟೊದಲ್ಲಿ ಆ ಕಾಲಂ ಮಾತ್ರ ಮಸುಕಾಗಿತ್ತು. ನನಗೆ ಸಿಟ್ಟು ಬಂದದ್ದು ಅಲ್ಲಿ.

ನಮ್ಮ ಮಲೆನಾಡಿನ ಜಮೀನು ಬಯಲುಸೀಮೆಯ ಜಮೀನಿನಂತಲ್ಲ. ಇಲ್ಲಿ ಕಣ್ಣಿಗೆ ಕಾಣುವುದು ತೋಟ, ಕಾಗದದಲ್ಲಿ ಇರುವುದು ಕಾಡು. ತೋಟಕ್ಕೆ ಸೊಪ್ಪು, ದರಕು ತರಲು ಬಿಟ್ಟ ಬೆಟ್ಟದಲ್ಲಿ ನಮಗಿರುವುದು ಬಳಕೆಯ ಸವಲತ್ತು, ಮಾರುವ ಹಕ್ಕಲ್ಲ. ಸೊರಬ, ಸಾಗರದ ಕಾನುಗಳದ್ದು (ಊರ ಪಕ್ಕದ ಹಳೆಯ ಕಾಡುಗಳದ್ದು) ಬೇರೆಯೇ ಕಥೆ. ಮೀಸಲು ಅರಣ್ಯ ಮಾಡುವ ಉದ್ದೇಶ ತಿಳಿಸುವ ಅರಣ್ಯ ಕಾಯ್ದೆಯ 4ನೇ ಕಲಂ ಅಧಿಸೂಚನೆಯಾಗಿ, 17ನೇ ಕಲಂನ ಅಂತಿಮ ಅಧಿಸೂಚನೆಯಾಗದೆ ದಶಕಗಳಿಂದ ನಿಂತಿರುವ ಸರ್ವೆ ನಂಬರುಗಳು ಎಷ್ಟಿಲ್ಲ! ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ 1964ರಲ್ಲಿ ಮುಗಿಯಿತು. ಮುಳುಗಡೆಯಾಗಿ ಎದ್ದು ಬಂದ ಕುಟುಂಬಗಳಲ್ಲಿ ಅನೇಕರಿಗೆ ಇವತ್ತಿಗೂ ಹಕ್ಕುಪತ್ರ ಸಿಕ್ಕಿಲ್ಲ. ಅವರು ಅಲ್ಲಿ ಬದುಕುತ್ತಿರುವುದು ಸತ್ಯ, ಅವರಿಗೆ ಆ ನೆಲ ಸಿಗಬೇಕು ಎಂದು ನಾನು ಜಗಳಕ್ಕೆ ನಿಲ್ಲುತ್ತೇನೆ. ಆದರೆ ನೀವು ಅದನ್ನು ಕೊಳ್ಳಲು ಬರುವುದಿಲ್ಲ.

ಇನ್ನು ಗೇಣಿ ಜಮೀನು. 1951ರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದ ನೆಲ ಇದು. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯ ಆದೇಶ ಪಡೆದು, ನಮೂನೆ 10ರ ಪ್ರಮಾಣಪತ್ರ ಕೈಗೆ ಬಂದ ದಿನ ನಮ್ಮ ಎಷ್ಟೋ ಮನೆಗಳಲ್ಲಿ ಹಬ್ಬವಾಗಿತ್ತು. ಆ ಕಾಗದ ಕೇಳಿ. ಆದೇಶ ಯಾರ ಹೆಸರಿಗೆ ಆಗಿದೆ, ಒಬ್ಬ ಗೇಣಿದಾರನಿಗೋ ಇಡೀ ಕುಟುಂಬದ ಪರವಾಗಿಯೋ, 15 ವರ್ಷದ ಪರಭಾರೆ ನಿಷೇಧದ ಒಳಗೆ ಮಾರಾಟವೇನಾದರೂ ನಡೆದಿತ್ತೇ, ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಅಂಥ ಜಮೀನಿನ ಪರಭಾರೆ ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ, ಬರಲೇಬೇಕು. ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಜಮೀನು ಮೂಲ ಮಂಜೂರಿದಾರರಿಗೆ ವಾಪಸ್ ಹೋಗುತ್ತದೆ. ಅದು ನ್ಯಾಯ.

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ಆ ಮಗ ತೋಟ ಕೊಳ್ಳಬಹುದೇ? ಕೊಳ್ಳುವಂತಿಲ್ಲ. 2020ರಲ್ಲಿ ರಾಜ್ಯದ ಭೂಸುಧಾರಣಾ ಕಾಯ್ದೆಯಿಂದ 79ಎ, 79ಬಿ ಕಲಂಗಳು ಹೋದವು, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂದಾಯಿತು. ಅದನ್ನೇ ಹಿಡಿದುಕೊಂಡು ದಲ್ಲಾಳಿಗಳು ಹೊರದೇಶದವರಿಗೆ ತೋಟ ತೋರಿಸುತ್ತಿದ್ದಾರೆ. ಆದರೆ ಕೇಂದ್ರದ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ) ಕಾಯ್ದೆ ಹಾಗೆಯೇ ಇದೆ. ಅನಿವಾಸಿ ಭಾರತೀಯರಾಗಲಿ, ಒಸಿಐ ಕಾರ್ಡಿನವರಾಗಲಿ (ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರು), ಕೃಷಿ ಜಮೀನು, ಪ್ಲಾಂಟೇಶನ್, ತೋಟದ ಮನೆ ಕೊಳ್ಳುವಂತಿಲ್ಲ. ಹಿರಿಯರಿಂದ ಉತ್ತರಾಧಿಕಾರವಾಗಿ ಬಂದರೆ ಇಟ್ಟುಕೊಳ್ಳಬಹುದು. ಉಲ್ಲಂಘಿಸಿದರೆ ಒಳಗೊಂಡ ಮೊತ್ತದ ಮೂರು ಪಟ್ಟಿನವರೆಗೆ ದಂಡವಿದೆ. ಮನೆ, ಫ್ಲ್ಯಾಟ್, ಪರಿವರ್ತನೆಯಾದ ನಿವೇಶನ ಧಾರಾಳವಾಗಿ ಕೊಳ್ಳಿ. ಹಣ ಬ್ಯಾಂಕ್ ಮೂಲಕ, ಅನಿವಾಸಿಗಳಿಗಿರುವ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯಿಂದ ಹೋಗಲಿ.

"ಅಪ್ಪನ ಹೆಸರಿಗೆ ಮಾಡಿಸುತ್ತೇವೆ" ಎನ್ನುತ್ತಾರೆ. ಮಾಡಿಸಿ, ಆದರೆ ಆಗ ಅದು ಅಪ್ಪನ ಆಸ್ತಿ. ಅವರು ಉಯಿಲು ಬರೆಯದೆ ಹೋದರೆ ಅಮ್ಮನಿಗೂ ಅಕ್ಕತಂಗಿಯರಿಗೂ ನಿಮ್ಮಷ್ಟೇ ಪಾಲು. ಇದನ್ನು ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳದೆ, ಹತ್ತು ವರ್ಷ ಕಳೆದ ಮೇಲೆ ತಂಗಿಯ ಮೇಲೆ ದಾವೆ ಹಾಕಲು ನನ್ನ ಬಳಿ ಬರಬೇಡಿ.

ಇಷ್ಟು ಹೇಳಿದರೆ ಬರುವ ಉತ್ತರ ನನಗೆ ಗೊತ್ತು. "ಅಕ್ಕಾ, ಅವರು ನಮ್ಮ ಅಜ್ಜನ ಕಾಲದಿಂದ ಗೊತ್ತಿದ್ದವರು. ಕಾಗದ ಕೇಳಿದರೆ ನಂಬಿಕೆ ಇಲ್ಲವೇ ಎಂದು ಬೇಸರ ಮಾಡಿಕೊಳ್ಳುತ್ತಾರೆ." ಒಪ್ಪುತ್ತೇನೆ, ನಮ್ಮ ಕಡೆ ಮಾತಿಗೆ ಬೆಲೆ ಇದೆ, ಅದು ನನ್ನ ಹೆಮ್ಮೆಯೂ ಹೌದು. ಆದರೆ ಮಾರುವವರು ಸುಳ್ಳು ಹೇಳಿದ್ದಾರೆ ಎಂದು ನಾನು ಎಲ್ಲಿ ಹೇಳಿದೆ? ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ. ಮೂರು ತಲೆಮಾರಿನಿಂದ ಬೇಲಿ ಹಾಕಿ ಕಾಯ್ದುಕೊಂಡದ್ದೆಲ್ಲ ತಮ್ಮದೇ ಎಂದು ಪ್ರಾಮಾಣಿಕವಾಗಿ ನಂಬಿ ತೋರಿಸುತ್ತಾರೆ. ಅಣ್ಣತಮ್ಮಂದಿರ ನಡುವೆ ಬಾಯಿಮಾತಿನ ಪಾಲಾಗಿರುತ್ತದೆ, ಪೋಡಿಯಾಗಿರುವುದಿಲ್ಲ (ಅಳೆದು ಬೇರೆ ಸರ್ವೆ ನಂಬರು ಮಾಡಿರುವುದಿಲ್ಲ), ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿ ಯಾವ ಕಾಗದದಲ್ಲೂ ಇರುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಅವರ ಪಾಲನ್ನು ಮರೆತು ಯಾರೂ ಜಮೀನು ಮಾರಲಾಗದು. ಒಳ್ಳೆಯ ಮನುಷ್ಯನ ಬಾಯಿಂದ ಬಂದ ಮಾತ್ರಕ್ಕೆ ಸರ್ವೆ ನಂಬರಿನ ಗಡಿ ಸರಿಯುವುದಿಲ್ಲ.

ಹಾಗಾಗಿ ಹಣ ಕಳಿಸುವ ಮುಂಚೆ ಮೂಲ ಪತ್ರಗಳನ್ನು ಕೇಳಿ, ಜೆರಾಕ್ಸ್ ಅಲ್ಲ, ಅಸಲು. ಅಸಲು ಪತ್ರ ಯಾವುದೋ ಬ್ಯಾಂಕಿನಲ್ಲಿ ಅಡವಿಗೆ ಕೂತಿದ್ದರೆ ಅದು ಗೊತ್ತಾಗುವುದು ಹೀಗೆಯೇ. ಋಣಭಾರ ಪತ್ರವನ್ನು (ಇಸಿ) ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನೀವೇ ತೆಗೆಸಬಹುದು. ಹಳೆಯ ವರ್ಷಗಳದ್ದಕ್ಕೆ ಉಪನೋಂದಣಿ ಕಚೇರಿಗೆ ಜನ ಕಳಿಸಬೇಕು. ಅದರಲ್ಲಿ ನೋಂದಣಿಯಾಗದ ಕರಾರು, ಬಾಯಿಮಾತಿನ ಪಾಲು ಕಾಣುವುದಿಲ್ಲ ಎಂಬುದು ನೆನಪಿರಲಿ. ಆಕಾರಬಂದ್ (ವಿಸ್ತೀರ್ಣದ ಸರ್ವೆ ದಾಖಲೆ), ಟಿಪ್ಪಣಿ (ಅಳತೆಯ ನಕ್ಷೆ), ಮ್ಯುಟೇಷನ್ (ಖಾತೆ ಬದಲಾವಣೆ) ಸರಣಿ, ವಂಶವೃಕ್ಷ ಹೊಂದಿಸಿ ನೋಡಬೇಕು, ಸರ್ವೇಯರ್ ಬಂದು ಹದ್ದುಬಸ್ತು ಮಾಡಿ ಗಡಿ ಗುರುತಿಸಬೇಕು, ಖರಾಬು (ಸಾಗುವಳಿಗೆ ಬಾರದ ನೆಲ) ಎಷ್ಟು, ಅದರಲ್ಲಿ ಸಾರ್ವಜನಿಕ ಬಳಕೆಗಿರುವ ಬಿ ಖರಾಬು ಎಷ್ಟು ಎಂದು ತಿಳಿಯಬೇಕು. ಪಕ್ಕದ ಜಮೀನಿನವರ ಜಗುಲಿಯಲ್ಲಿ ಅರ್ಧ ಗಂಟೆ ಕೂರಬೇಕು. ಯಾವ ಕಚೇರಿಯಲ್ಲೂ ಸಿಗದ ಸುದ್ದಿ ಅಲ್ಲಿ ಸಿಗುತ್ತದೆ.

ಶಿವಮೊಗ್ಗದಲ್ಲಿ ನಿವೇಶನ ಕೊಳ್ಳುವವರಿಗೂ ಇದೇ ಮಾತು. 2023ರಲ್ಲಿ ಸೋಗಾನೆಯ ವಿಮಾನ ನಿಲ್ದಾಣ ತೆರೆದ ಮೇಲೆ ಸುತ್ತಲಿನ ಗದ್ದೆಗಳಿಗೆಲ್ಲ ಕಲ್ಲು ನೆಟ್ಟು ಸೈಟು ಎನ್ನುತ್ತಿದ್ದಾರೆ. ಭೂಪರಿವರ್ತನೆ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದಿತ ನಕ್ಷೆ, ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯ) ನಮೂನೆ 9 ಮತ್ತು 11ಎ, ಇವಿಲ್ಲದೆ ಮಾತು ಮುಂದುವರಿಸಬೇಡಿ.

ಕೊನೆಗೆ ಅಧಿಕಾರಪತ್ರ. ಊರಲ್ಲಿರುವ ಯಾರಿಗೋ ಎಲ್ಲ ಅಧಿಕಾರವನ್ನೂ ಬರೆದುಕೊಟ್ಟು ನೆಮ್ಮದಿಯಾಗಿರುತ್ತೀರಿ. ಬೇಡ. ಇಂಥ ಸರ್ವೆ ನಂಬರು, ಇಂಥ ಕ್ರಯಪತ್ರ, ಇಷ್ಟೇ ಕೆಲಸ ಎಂದು ಸೀಮಿತವಾಗಿ ಬರೆಯಿಸಿ. ನೀವಿರುವ ದೇಶದ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ. ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಕೈಗಿಟ್ಟು "ಇದೇ ಮಾರಾಟ" ಎನ್ನುವವರಿಂದ ಏನನ್ನೂ ಕೊಳ್ಳಬೇಡಿ. ಅದರಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಕೆಲಸ ಮುಗಿದ ಕೂಡಲೇ ನೀವು ಕೊಟ್ಟ ಅಧಿಕಾರಪತ್ರವನ್ನು ರದ್ದು ಮಾಡಿ, ಹಿಡಿದವರಿಗೂ ಉಪನೋಂದಣಿ ಕಚೇರಿಗೂ ಬರಹದಲ್ಲಿ ತಿಳಿಸಿ. ಅದಕ್ಕೆ ನೊಂದುಕೊಳ್ಳುವ ನೆಂಟರಿದ್ದರೆ ನನ್ನ ನಂಬರು ಕೊಡಿ, ನಾನು ಮಾತಾಡುತ್ತೇನೆ.