‘ದುಡ್ಡಿಗಾಗಿ ಕುಣಿಯುವವರಲ್ಲ’ ಅನ್ನುವ ಹೊಗಳಿಕೆ ನಮಗೆ ಬೇಡ

ಕಳೆದ ತಿಂಗಳು ನಮ್ಮ ಹವ್ಯಾಸಿ ಸಂಘದ ಯಕ್ಷಗಾನ ಇತ್ತು. ಬೆಂಗಳೂರಿನ ಒಂದು ಸಭಾಂಗಣ. ಆಟಕ್ಕೆ, ಅಂದರೆ ಪ್ರದರ್ಶನಕ್ಕೆ, ಮೊದಲು ಸಭಾ ಕಾರ್ಯಕ್ರಮ. ನಾವೆಲ್ಲ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಬಣ್ಣ ಹಚ್ಚಿಕೊಂಡು ಕೂತಿದ್ದೆವು. ಮೈಕಿನ ಮಾತು ಅಲ್ಲಿಗೂ ಚೆನ್ನಾಗಿ ಕೇಳುತ್ತಿತ್ತು. ಅತಿಥಿಯೊಬ್ಬರು ನಮ್ಮನ್ನು ಮನಸಾರೆ ಹೊಗಳಿದರು. “ಇವರು ಯಾರೂ ದುಡ್ಡಿಗಾಗಿ ಕುಣಿಯುವವರಲ್ಲ. ಒಬ್ಬರು ಬ್ಯಾಂಕಿನವರು, ಒಬ್ಬರು ಟೀಚರ್, ಇಬ್ಬರು ಸಾಫ್ಟ್‌ವೇರ್‌ನವರು. ಕಲೆಯ ಮೇಲಿನ ಪ್ರೀತಿಗಾಗಿ ಕುಣಿಯುತ್ತಾರೆ” ಎಂದರು. ಜೋರು ಚಪ್ಪಾಳೆ.

ಆ ಬ್ಯಾಂಕಿನವಳು ನಾನು. ಆ ಹೊತ್ತಿಗೆ ನನ್ನ ತಲೆಗೆ ಕೇದಗೆ ಮುಂದಲೆ ಕಟ್ಟುತ್ತಿದ್ದವರು ನಮ್ಮ ಗುರುಗಳು. 28 ವರ್ಷದಿಂದ ಮೇಳದಲ್ಲಿ, ಅಂದರೆ ಊರೂರು ತಿರುಗುವ ವೃತ್ತಿ ತಂಡದಲ್ಲಿ, ಕುಣಿಯುತ್ತಿರುವವರು. ಅಂದರೆ ದುಡ್ಡಿಗಾಗಿಯೇ ಕುಣಿಯುವವರು. ಅವರ ಕೈ ನಿಲ್ಲಲಿಲ್ಲ. ಬಟ್ಟೆಯನ್ನು ಇನ್ನೊಂದು ಸುತ್ತು ಎಳೆದು, “ಬಿಗಿ ಆಯ್ತಾ?” ಎಂದು ಕೇಳಿದರು, ಅಷ್ಟೇ.

ನನಗೆ ಕನ್ನಡಿಯಲ್ಲಿ ಅವರ ಮುಖ ನೋಡಲು ಆಗಲಿಲ್ಲ.

ಆ ಅತಿಥಿಗೆ ಯಾರನ್ನೂ ನೋಯಿಸುವ ಮನಸ್ಸಿರಲಿಲ್ಲ, ನನಗೆ ಗೊತ್ತು. ನಾವೂ ಈ ಮಾತನ್ನು ಎಷ್ಟು ಸಲ ಹೇಳಿಲ್ಲ? ಕರಪತ್ರದಲ್ಲಿ ಅಚ್ಚು ಹಾಕಿಸಿದ್ದೇವೆ. ಪರಿಚಯ ಮಾಡಿಕೊಳ್ಳುವಾಗ ಹೆಮ್ಮೆಯಿಂದ ಹೇಳಿದ್ದೇವೆ. ಆದರೆ ಆ ಮಾತಿನ ಒಳಗೆ ಇನ್ನೊಂದು ಮಾತು ಇದೆ ಅಲ್ವಾ? ದುಡ್ಡು ತೆಗೆದುಕೊಳ್ಳುವವನಿಗೆ ಪ್ರೀತಿ ಕಡಿಮೆ ಅನ್ನುವ ಮಾತು. ಅದು ಸುಳ್ಳು. ಈ ಬರಹ ಅದಕ್ಕಾಗಿ.

ಕರಾವಳಿಯವರಿಗೆ, ಮಲೆನಾಡಿನವರಿಗೆ ವೃತ್ತಿ ಕಲಾವಿದ, ಹವ್ಯಾಸಿ ಕಲಾವಿದ ಅನ್ನುವ ಎರಡು ಪದ ಚಿಕ್ಕಂದಿನಿಂದ ಗೊತ್ತು. ಉಳಿದವರಿಗಾಗಿ ಸ್ವಲ್ಪ ಹೇಳುತ್ತೇನೆ. ದೀಪಾವಳಿ ಕಳೆದ ಮೇಲೆ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಮೇ ಕೊನೆಯ ಹೊತ್ತಿಗೆ, ತುಳುನಾಡಿನ ಕಡೆಯಾದರೆ ಪತ್ತನಾಜೆ ಅನ್ನುವ ದಿನಕ್ಕೆ, ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತಾರೆ. ನಡುವಿನ ಸುಮಾರು 6 ತಿಂಗಳು ದಿನಾ ಆಟ. ಇವತ್ತು ಒಂದು ಊರು, ನಾಳೆ ಇನ್ನೊಂದು. ಮಂದಾರ್ತಿ, ಕಟೀಲಿನಂಥ ದೇವಸ್ಥಾನದ ಮೇಳಗಳಿಗೆ ಹರಕೆ ಆಟ ಹೇಳಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಹಾಗಾಗಿ ಕಲಾವಿದನಿಗೆ ‘ಇವತ್ತು ಮನಸ್ಸಿಲ್ಲ’ ಅನ್ನುವ ಸ್ವಾತಂತ್ರ್ಯ ಇಲ್ಲ. ಜ್ವರ ಇದ್ದರೂ ಬಣ್ಣ ಹಚ್ಚಬೇಕು. ಮನೆಯಲ್ಲಿ ಮಗುವಿಗೆ ಹುಷಾರಿಲ್ಲದಿದ್ದರೂ ಹಚ್ಚಬೇಕು. ಎದುರಿಗೆ 30 ಜನ ಕೂತಿರಲಿ, 3,000 ಜನ ಕೂತಿರಲಿ, ಕುಣಿತದಲ್ಲಿ ಕಡಿಮೆ ಮಾಡುವಂತಿಲ್ಲ.

ನಮ್ಮ ಬಡಗುತಿಟ್ಟಿನಲ್ಲಿ, ಅಂದರೆ ಬಡಗಿನ ಶೈಲಿಯ ಯಕ್ಷಗಾನದಲ್ಲಿ, ಮಂಡಿ ಅಂತ ಇದೆ. ಎರಡೂ ಮೊಣಕಾಲನ್ನು ನೆಲಕ್ಕೆ ಊರಿ, ಅದರ ಮೇಲೇ ಗಿರಗಿರ ತಿರುಗುತ್ತಾ ರಂಗಸ್ಥಳದ ಸುತ್ತ ಬರಬೇಕು. ಎದೆಕಟ್ಟು, ಭುಜಕೀರ್ತಿ, ತಲೆ ಮೇಲಿನ ಮುಂದಲೆ, ಕಾಲಿನ ಗೆಜ್ಜೆ, ಎಲ್ಲದರ ಭಾರ ಹೊತ್ತುಕೊಂಡು. ಚೆಂಡೆಯ ಪೆಟ್ಟು ಏರುತ್ತಾ ಹೋದಂತೆ ಜನ ಸಿಳ್ಳೆ ಹಾಕುತ್ತಾರೆ. ನಾನು ಅಭಿಮನ್ಯು ಮಾಡಿದ ಮೊದಲ ಸಲ ಮೂರು ಸುತ್ತು ಮಂಡಿ ಹಾಕಿದ್ದೆ. ಮರುದಿನ ಬ್ಯಾಂಕಿನಲ್ಲಿ ಕುರ್ಚಿಯಿಂದ ಏಳಲು ಮೇಜು ಹಿಡಿಯಬೇಕಾಯಿತು. ಒಂದು ವಾರ ಮೆಟ್ಟಿಲು ಹತ್ತುವಾಗ ನೋವು. ಎಲ್ಲರೂ “ಪಾಪ, ಎಷ್ಟು ಕಷ್ಟಪಟ್ಟಿದ್ದೀಯ” ಎಂದರು. ಗುರುಗಳು ಆ ಕೆಲಸವನ್ನು ರಾತ್ರಿ ಮೇಲೆ ರಾತ್ರಿ ಮಾಡಿದ್ದಾರೆ. ಅವರ ಮೊಣಕಾಲಿನ ಚರ್ಮ ನೋಡಿದರೆ ಒಂಟೆಯ ಮೊಣಕಾಲಿನ ಹಾಗಿದೆ. ಅವರಿಗೆ ಯಾರೂ ಪಾಪ ಅನ್ನುವುದಿಲ್ಲ. ಅದು ಅವರ ಕೆಲಸ ತಾನೇ ಅನ್ನುತ್ತಾರೆ.

ಹವ್ಯಾಸಕ್ಕೂ ವೃತ್ತಿಗೂ ಇರುವ ವ್ಯತ್ಯಾಸ ನನಗೆ ಅರ್ಥವಾಗಿದ್ದು ಅಲ್ಲಿ. ನನಗೆ ಸಾಕಾದಾಗ ನಿಲ್ಲಿಸಬಹುದು. ವರ್ಷಕ್ಕೆ ನಾಲ್ಕು ವೇಷ, ಅದೂ ನನಗೆ ಇಷ್ಟವಾದ ವೇಷ. ಅವರಿಗೆ ಹಾಗಲ್ಲ. ಕೊಟ್ಟ ವೇಷ ಮಾಡಬೇಕು, ಮತ್ತು ನಿನ್ನೆ ಮಾಡಿದ್ದನ್ನೇ ಇವತ್ತು ಹೊಸದಾಗಿ ಮಾಡಬೇಕು. ಬೇಸರ ಬಂದ ಮೇಲೂ ಉಳಿಯುವ ಪ್ರೀತಿ ಅದು. ನನ್ನ ಪ್ರೀತಿಗೆ ಅಂಥ ಪರೀಕ್ಷೆ ಯಾವತ್ತೂ ಬಂದಿಲ್ಲ.

ಚಿಟ್ಟಾಣಿ ರಾಮಚಂದ್ರ ಹೆಗಡೆಯವರನ್ನು ನೆನಪು ಮಾಡಿಕೊಳ್ಳಿ. ಕೀಚಕ, ಭಸ್ಮಾಸುರ ಅಂದರೆ ಅವರದೇ. ಬದುಕಿಡೀ ಇದೇ ವೃತ್ತಿ. 2012ರಲ್ಲಿ ಪದ್ಮಶ್ರೀ ಬಂತು. 80 ವರ್ಷದ ಹತ್ತಿರವೂ ಅವರು ರಂಗಕ್ಕೆ ಬಂದರೆ ಜನ ಕುರ್ಚಿಯ ತುದಿಗೆ ಬರುತ್ತಿದ್ದರು. ಕೆರೆಮನೆ ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ರಾಮನ ವೇಷದಲ್ಲಿದ್ದಾಗಲೇ ಕುಸಿದರು, ಮತ್ತೆ ಏಳಲಿಲ್ಲ. ಅವರು ಕುಣಿಯುತ್ತಿದ್ದ ಇಡಗುಂಜಿ ಮೇಳ ಅವರ ತಂದೆ 1934ರಲ್ಲಿ ಕಟ್ಟಿದ್ದು. ಕಾಳಿಂಗ ನಾವಡರು ತಮ್ಮ ಕಂಠದಿಂದ ಭಾಗವತಿಕೆಗೇ, ಅಂದರೆ ಯಕ್ಷಗಾನದ ಹಾಡುಗಾರಿಕೆಗೇ, ಹೊಸ ಕಳೆ ತಂದವರು. 1990ರಲ್ಲಿ, ಇನ್ನೂ 30ರ ಆಸುಪಾಸಿನಲ್ಲಿದ್ದಾಗಲೇ, ರಸ್ತೆ ಅಪಘಾತದಲ್ಲಿ ಹೋದರು. ಇವರೆಲ್ಲ ಸಂಭಾವನೆ ತೆಗೆದುಕೊಂಡವರೇ. ಇವರಿಗಿಂತ ನಮಗೆ ಕಲೆಯ ಮೇಲೆ ಪ್ರೀತಿ ಜಾಸ್ತಿ ಅಂತ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗಿದೆ?

ಇನ್ನು ಒಂದು ವಿಷಯ ಬರೆಯಬೇಕು. ಬರೆಯಲು ಸಂಕಟ ಆಗುತ್ತದೆ, ಆದರೂ ಬರೆಯುತ್ತೇನೆ.

ಮೂರು ವರ್ಷದ ಹಿಂದೆ, ಆಗಸ್ಟ್ ತಿಂಗಳು. ಒಂದು ದೊಡ್ಡ ಅಪಾರ್ಟ್‌ಮೆಂಟಿನ ಗಣೇಶೋತ್ಸವ. ಅವರಿಗೆ ಎರಡು ಗಂಟೆಯ ಯಕ್ಷಗಾನ ಬೇಕಿತ್ತು. ನಮಗೆ ಫೋನ್ ಬಂತು. “ನೀವು ಹವ್ಯಾಸಿಗಳಲ್ವಾ, ಸಂಭಾವನೆ ಏನೂ ಬೇಡ ಅಲ್ವಾ?” ಎಂದು ಕೇಳಿದರು. ನಮಗೆ ವೇದಿಕೆ ಸಿಕ್ಕಿದ್ದೇ ಖುಷಿ. ಊಟ, ವಾಹನ, ಹಿಮ್ಮೇಳದ (ಹಾಡುವವರು, ಚೆಂಡೆ ಮದ್ದಳೆಯವರು) ಖರ್ಚು ಕೊಟ್ಟರೆ ಸಾಕು ಎಂದೆವು. ವೇಷಭೂಷಣದ ಬಾಡಿಗೆಗೆ ತಲಾ 2,500 ರೂಪಾಯಿ ಕೈಯಿಂದ ಹಾಕಿಕೊಂಡೆವು. ಆಟ ಚೆನ್ನಾಗಿ ಆಯಿತು. ಫೋಟೋ ಹಾಕಿದೆವು, ಲೈಕು ಬಂತು.

ಆ ಆಟ ಮೊದಲು ಗುರುಗಳ ತಂಡಕ್ಕೆ ನಿಗದಿಯಾಗಿತ್ತು ಅನ್ನುವುದು ನನಗೆ ತಿಳಿದಿದ್ದು ಆರು ತಿಂಗಳ ಮೇಲೆ. ಅದೂ ಬೇರೆ ಯಾರೋ ಹೇಳಿ. ಎಂಟು ಜನ ಊರಿಂದ ಬರುವವರಿದ್ದರು. ನಾವು ಪುಕ್ಕಟೆ ಒಪ್ಪಿದ ಮೇಲೆ ಅವರಿಗೆ ಬೇಡ ಎಂದು ಹೇಳಲಾಯಿತು. ಗುರುಗಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಆ ಆಟಕ್ಕೆ ನಮಗೆ ಅಭ್ಯಾಸ ಮಾಡಿಸಿದ್ದರು! ಓಡಿಹೋಗಿ ಕ್ಷಮೆ ಕೇಳಿದೆ. “ನಿಮ್ಗೆ ಗೊತ್ತಿರ್ಲಿಲ್ಲ, ಬಿಡಿ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಂತ ಮಾಡುದ್ ಮರಾಯ್ರೆ, ಮಳಿಗಾಲ ಅಲ್ದಾ” ಎಂದರು.

ಆ ‘ಮಳೆಗಾಲ’ ಅನ್ನುವ ಪದದ ತೂಕ ನಗರದಲ್ಲಿ ಕೂತ ನಮಗೆ ಗೊತ್ತಾಗುವುದಿಲ್ಲ. ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿಯ ತನಕ ಹೆಚ್ಚಿನವರಿಗೆ ಮೇಳದ ಸಂಬಳ ಇಲ್ಲ. ಹೆಸರು ಮಾಡಿದವರು ಬೆಂಗಳೂರು, ಮುಂಬೈ ಕಡೆ ತಂಡ ಕಟ್ಟಿಕೊಂಡು ಬರುತ್ತಾರೆ. ಕೆಲವರು ಚಿಕ್ಕಮೇಳ ಕಟ್ಟುತ್ತಾರೆ. ಸಂಜೆ ಆದ ಮೇಲೆ ಗೆಜ್ಜೆ ಕಟ್ಟಿ ಮನೆಮನೆಗೆ ಹೋಗುವುದು, ದೀಪದ ಎದುರು ಸ್ವಲ್ಪ ಹೊತ್ತು ಕುಣಿಯುವುದು, ಮನೆಯವರು ಕೊಟ್ಟ ಅಕ್ಕಿ, ಕಾಯಿ, ಕಾಣಿಕೆ ತೆಗೆದುಕೊಂಡು ಮುಂದಿನ ಮನೆಗೆ ಹೋಗುವುದು. ಸುರಿಯುವ ಮಳೆಯಲ್ಲಿ. ಇನ್ನು ಕೆಲವರು ಅಡುಗೆಯವರ ಜೊತೆ ಬಡಿಸಲು ಹೋಗುತ್ತಾರೆ, ತೋಟದ ಕೆಲಸಕ್ಕೆ ಹೋಗುತ್ತಾರೆ. ನಿನ್ನೆ ದೇವೇಂದ್ರನಾಗಿ ಸಿಂಹಾಸನದಲ್ಲಿ ಕೂತವರು. ಅಂಥ ಕಾಲದಲ್ಲಿ ಒಂದು ಆಟ ತಪ್ಪಿದರೆ ಎಂಟು ಮನೆಗೆ ಅದರ ಬಿಸಿ ತಟ್ಟುತ್ತದೆ. ನಾವು ಅದನ್ನು ಕಲಾಸೇವೆ ಅಂದುಕೊಂಡಿದ್ದೆವು.

ಅದೇ ಗಣೇಶೋತ್ಸವದಲ್ಲಿ ಶಾಮಿಯಾನದವರಿಗೆ ದುಡ್ಡು ಕೊಟ್ಟಿದ್ದರು. ಮೈಕಿನವರಿಗೆ, ಹೂವಿನವರಿಗೆ, ಊಟದವರಿಗೆ, ಎಲ್ಲರಿಗೂ. ನಮ್ಮನ್ನು ಕೇಳಿದ ಪ್ರಶ್ನೆಯನ್ನು ಅವರಲ್ಲಿ ಯಾರನ್ನೂ ಕೇಳಿರಲಿಲ್ಲ.

ಹಾಗಂತ ಹವ್ಯಾಸಿಗಳು ರಂಗ ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಹವ್ಯಾಸಿಗಳು ಈ ಕಲೆಗೆ ಕೊಟ್ಟದ್ದು ಸಣ್ಣದಲ್ಲ. ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ತಾಳಮದ್ದಳೆಯನ್ನೇ ನೋಡಿ. ದೇರಾಜೆ ಸೀತಾರಾಮಯ್ಯನವರು ಕೃಷಿಕರು. ಪ್ರಭಾಕರ ಜೋಶಿಯವರು ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಅರ್ಥ, ಅಂದರೆ ಪಾತ್ರದ ಮಾತು, ಹೇಳಿದವರು. ಅರ್ಥಗಾರಿಕೆ ಇವತ್ತು ಇಷ್ಟು ಬೆಳೆದಿರುವುದರಲ್ಲಿ ಇಂಥವರ ಪಾಲು ದೊಡ್ಡದು. ಮತ್ತೆ ನನ್ನಂಥ ಹೆಣ್ಣುಮಕ್ಕಳಿಗೆ ಹವ್ಯಾಸ ಅನ್ನುವುದು ಒಂದು ಬಾಗಿಲು. ಬಹುಪಾಲು ಮೇಳಗಳಲ್ಲಿ ಹೆಣ್ಣಿನ ವೇಷವನ್ನೂ ಗಂಡಸರೇ ಮಾಡುತ್ತಾರೆ. ಲೀಲಾವತಿ ಬೈಪಾಡಿತ್ತಾಯರು ಮೇಳದಲ್ಲಿ ಭಾಗವತರಾಗಿ ಹಾಡಿದ್ದು ಇತಿಹಾಸವಾಗಿ ಉಳಿದಿರುವುದೇ ಅದು ಅಷ್ಟು ಅಪರೂಪ ಎಂಬ ಕಾರಣಕ್ಕೆ. ಹದಿನೆಂಟರ ವಯಸ್ಸಿನಲ್ಲಿ ನನಗೆ ಮೇಳ ಸೇರುವ ಆಸೆ ಇತ್ತು. ಕೇಳಲು ಸಹ ಯಾರೂ ಇರಲಿಲ್ಲ. ಈಗ 41ರಲ್ಲಿ ಭಾನುವಾರ ಬೆಳಿಗ್ಗೆ ಗೆಜ್ಜೆ ಕಟ್ಟುತ್ತೇನಲ್ಲ, ಅದನ್ನು ನಾನು ಬಿಡುವುದಿಲ್ಲ. ಆದರೆ ನನ್ನ ಈ ಸಂತೋಷಕ್ಕೆ ಇನ್ನೊಬ್ಬರ ಮನೆಯ ಅಕ್ಕಿ ಖರ್ಚಾಗಬಾರದು.

ಆ ಘಟನೆಯ ಮೇಲೆ ನಮ್ಮ ಸಂಘದಲ್ಲಿ ತುಂಬಾ ಮಾತಾಯಿತು, ಸ್ವಲ್ಪ ಜಗಳವೂ ಆಯಿತು. ಕೊನೆಗೆ ಒಪ್ಪಿಕೊಂಡದ್ದು ಇಷ್ಟು. ಹೊರಗಿನವರು ಕರೆಸುವ ಆಟವನ್ನು ನಾವು ಪುಕ್ಕಟೆ ಮಾಡುವುದಿಲ್ಲ. ವೃತ್ತಿ ತಂಡದವರು ಕೇಳುವಷ್ಟೇ ಕೇಳುತ್ತೇವೆ. ಬಂದ ಹಣದಲ್ಲಿ ಭಾಗವತರಿಗೆ, ಚೆಂಡೆ ಮದ್ದಳೆಯವರಿಗೆ, ಬಣ್ಣಕ್ಕೆ ಸಹಾಯ ಮಾಡುವವರಿಗೆ ಆಟಕ್ಕೆ ಮೊದಲೇ ಕೊಡುತ್ತೇವೆ, ಬೆಳಗಿನ ಜಾವ ‘ಆಮೇಲೆ ಕಳಿಸ್ತೇವೆ’ ಅನ್ನುವ ಮಾತು ಇಲ್ಲ. ಇಬ್ಬರಾದರೂ ಮೇಳದ ಕಲಾವಿದರು ವೇಷದಲ್ಲಿ ನಮ್ಮ ಜೊತೆ ಇರಬೇಕು. ಉಳಿದದ್ದು ಕಲಾವಿದರ ನೆರವಿಗೆ. ಉಡುಪಿಯ ಯಕ್ಷಗಾನ ಕಲಾರಂಗ, ಪಟ್ಲ ಸತೀಶ ಶೆಟ್ಟಿಯವರ ಯಕ್ಷಧ್ರುವ ಪಟ್ಲ ಫೌಂಡೇಶನ್‌ನಂಥವರು ಕಷ್ಟದಲ್ಲಿರುವ ಕಲಾವಿದರಿಗೆ ಮನೆ, ಚಿಕಿತ್ಸೆ, ವಿಮೆ ಅಂತ ಕೆಲಸ ಮಾಡುತ್ತಿದ್ದಾರೆ. ನನ್ನ ಬ್ಯಾಂಕಿನ ಕೆಲಸಕ್ಕೆ ಇದೆಲ್ಲ ತಾನಾಗಿಯೇ ಬಂದಿದೆ.

ಈ ಲೆಕ್ಕಾಚಾರದಿಂದ ನಮಗೆ ಕೆಲವು ಆಟ ತಪ್ಪಿವೆ. ತಪ್ಪಲಿ. ಮದುವೆಯಲ್ಲಿ ಗೆಳೆಯನಿಗಾಗಿ ಪುಕ್ಕಟೆ ಫೋಟೋ ತೆಗೆಯುವವರು, ರಜೆಯಲ್ಲಿ ಕೇಕ್ ಮಾಡಿ ಅರ್ಧ ಬೆಲೆಗೆ ಕೊಡುವವರು, ಸಮಾರಂಭಕ್ಕೆ ಸುಮ್ನೆ ಹೋಗಿ ಹಾಡುವವರು ಕೂಡ ಒಂದು ಸಲ ಯೋಚಿಸಿ. ನೀವು ಸುಮ್ನೆ ಮಾಡುವ ಕೆಲಸದಿಂದ ಬದುಕುವವರು ನಿಮ್ಮ ಬೀದಿಯಲ್ಲೇ ಇರಬಹುದು.

ಕಳೆದ ವಾರ ಒಂದು ಫೋನ್ ಬಂತು. ದಸರಾ ಹೊತ್ತಿಗೆ ಆಟ ಬೇಕಂತೆ. ಮೊತ್ತ ಹೇಳಿದೆ. “ನೀವೆಲ್ಲ ಕೆಲಸದಲ್ಲಿರುವವರು, ನಿಮಗ್ಯಾಕೆ ಮೇಡಮ್ ದುಡ್ಡು?” ಎಂದರು. ಭಾಗವತರ ಹೆಸರು, ಮದ್ದಳೆಯವರ ಹೆಸರು, ಗುರುಗಳ ಹೆಸರು ಒಂದೊಂದೇ ಹೇಳಿದೆ. ಇವರಿಗೆ ಇದೇ ಕೆಲಸ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಮರುದಿನ ಮುಂಗಡ ಬಂತು.

ಗುರುಗಳಿಗೆ ಫೋನ್ ಮಾಡಿದೆ. ಅರ್ಜುನನ ಎದುರು ಯುದ್ಧಕ್ಕೆ ನಿಲ್ಲುವ ಸುಧನ್ವನ ಪ್ರಸಂಗ ಇಟ್ಟುಕೊಳ್ಳೋಣ ಎಂದರು. ವೇಷ ಹೇಗೆ ಹಂಚುವುದು ಎಂದು ಕೇಳಿದೆ.

“ನೀವ್ ಸುಧನ್ವ ಮಾಡಿ. ಅರ್ಜುನ ನಾನ್ ಮಾಡ್ತೆ.”

ಭಾನುವಾರದಿಂದ ಅಭ್ಯಾಸ. ಅವರ ಎದುರು ಮಂಡಿ ಹಾಕಬೇಕು. ಇವತ್ತಿನಿಂದಲೇ ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದೇನೆ.