ಫೀಡ್ ಇಳಿಸಿದರೆ ಟೂಲ್ ಉಳಿಯುವುದಿಲ್ಲ

'ಸ್ಟೇನ್‌ಲೆಸ್ ಕತ್ತರಿಸುವಾಗ ಸ್ಪೀಡ್, ಫೀಡ್ ಎರಡನ್ನೂ ಇಳಿಸಿ, ಟೂಲ್ ಜಾಸ್ತಿ ಬಾಳುತ್ತದೆ' ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಲೇತ್ ಮೆಷಿನ್‌ನಲ್ಲಿ ಲೋಹದ ತುಂಡು ತಿರುಗುವ ವೇಗ ಸ್ಪೀಡ್; ಅದು ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲ್ ಮುಂದೆ ಸಾಗುವ ದೂರ ಫೀಡ್. ಸ್ಪೀಡ್ ಮಾತು ಸರಿ. 304 ಗ್ರೇಡಿನ ಸ್ಟೇನ್‌ಲೆಸ್, ಸಾಮಾನ್ಯ ಉಕ್ಕಿನ ಮೂರನೇ ಒಂದು ಪಾಲಿನಷ್ಟೇ ಶಾಖವನ್ನು ಸಾಗಿಸುತ್ತದೆ. ಹಾಗಾಗಿ ಬಿಸಿಯೆಲ್ಲ ಟೂಲಿನ ಅಂಚಿನಲ್ಲೇ ನಿಲ್ಲುತ್ತದೆ. ಆದರೂ ಸ್ಪೀಡ್ ತೀರಾ ಇಳಿಸಿದರೆ ಲೋಹ ಅಂಚಿಗೆ ಅಂಟಿಕೊಂಡು, ಕಿತ್ತು ಹೋಗುವಾಗ ಟೂಲಿನ ಗಟ್ಟಿ ಅಂಚಿನ ಕಾರ್ಬೈಡ್ ಚೂರನ್ನೂ ಎಳೆದೊಯ್ಯುತ್ತದೆ.

ಫೀಡ್ ವಿಷಯ ಮಾತ್ರ ಖಂಡಿತ ಒಪ್ಪಲಾರೆ. ಈ ಲೋಹ ಉಜ್ಜಿದಷ್ಟೂ ಗಟ್ಟಿಯಾಗುತ್ತದೆ. ಒಂದು ಸುತ್ತಿನಲ್ಲಿ ಬರೀ 0.03 ಮಿ.ಮೀ. ಫೀಡ್ ಕೊಟ್ಟರೆ ದಪ್ಪ ಅಂಚಿನ ಇನ್ಸರ್ಟ್ (ಟೂಲಿನ ತುದಿಗೆ ಕೂರಿಸುವ, ಬದಲಿಸಬಹುದಾದ ಕಾರ್ಬೈಡ್ ತುಂಡು) ಕತ್ತರಿಸುವುದೇ ಇಲ್ಲ, ಸುಮ್ನೆ ಉಜ್ಜುತ್ತದೆ. ಮುಂದಿನ ಸುತ್ತಿನಲ್ಲಿ ತಾನೇ ಗಟ್ಟಿ ಮಾಡಿದ ಪದರವನ್ನು ಅದೇ ಅಂಚು ಎದುರಿಸಬೇಕು, ಅಲ್ವಾ?

ಪೀಣ್ಯದ ಒಂದು ಸಣ್ಣ ಶಾಪಿನಲ್ಲಿ ಲೇತ್ ನಡೆಸುತ್ತಿದ್ದಾಗ ನಾನೂ ಹೀಗೇ ಹೆದರಿ ಫೀಡ್ ಇಳಿಸಿದ್ದೆ. ಇನ್ಸರ್ಟ್ ಬೇಗ ಬೇಗ ಹೋಗುತ್ತಿತ್ತು. ಹಿರಿಯ ಆಪರೇಟರ್ ಒಬ್ಬರು ರಫಿಂಗ್ (ಮೊದಲ ಒರಟು ಕತ್ತರಿಕೆ) ಫೀಡನ್ನು 0.2 ಮಿ.ಮೀ.ಗೆ ಏರಿಸಿದರು. ಕತ್ತರಿಸುವ ಆಳವನ್ನೂ ಪ್ರತಿ ಪಾಸಿಗೆ, ಅಂದರೆ ಟೂಲ್ ಸಾಗುವ ಪ್ರತಿ ಸಲಕ್ಕೆ, ಬದಲಿಸಿದರು: 2 ಮಿ.ಮೀ., ಆಮೇಲೆ 1.6, ಆಮೇಲೆ 1.2. ಆಳ ಒಂದೇ ಇದ್ದರೆ ಗಟ್ಟಿ ಮೇಲ್ಮೈ ತಾಗುವ ಜಾಗದಲ್ಲೇ ಇನ್ಸರ್ಟಿಗೆ ಕಚ್ಚು ಬೀಳುತ್ತದೆ. ನಮ್ಮ ಇನ್ಸರ್ಟುಗಳೆಲ್ಲ ಅಲ್ಲೇ ಮುರಿಯುತ್ತಿದ್ದವು. ಲೇಖನದಲ್ಲಿ ಈ ಕಚ್ಚಿನ ಮಾತೇ ಇಲ್ಲ.

ಹೊಸ ಹುಡುಗರು ಇದನ್ನು ಓದಿಕೊಂಡು ನೇರ ಮೆಷಿನ್ ಮುಂದೆ ನಿಲ್ಲುತ್ತಾರೆ. ಫೀಡಿನ ಆ ಸಾಲನ್ನು ದಯವಿಟ್ಟು ತಿದ್ದಿ.