ಹಕ್ಕಿ ಹಾರಿತು, ಜಗಳ ಕೂತಿತು

ಮುಂಬೈಯಲ್ಲಿ ಬಿಪಿ ಏರಿಸಿಕೊಳ್ಳಲು ದಾರಿಗಳು ಬೇಕಾದಷ್ಟಿವೆ. ಬೆಳಗಿನ ಫಾಸ್ಟ್ ಲೋಕಲ್ ಇದೆ, ಹೌಸಿಂಗ್ ಸೊಸೈಟಿಯ ವಾರ್ಷಿಕ ಸಭೆ ಇದೆ, ಪಾರ್ಕಿಂಗ್ ಅಂತೂ ಇದ್ದೇ ಇದೆ. ಆದರೆ ಇವೆಲ್ಲ ಹಳೆಯ ಪದ್ಧತಿ. ಈಗ ಖಾತ್ರಿ ಫಲ ಕೊಡುವ ದಾರಿ ಎಂದರೆ ಪಕ್ಷಿವೀಕ್ಷಣೆ.

ನಮ್ಮ ಡೊಂಬಿವಲಿಯ ರಾಯರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಡಾಕ್ಟರು, "ಮನಸ್ಸಿಗೆ ಶಾಂತಿ ಕೊಡುವ ಏನಾದರೂ ಹವ್ಯಾಸ ಇಟ್ಟುಕೊಳ್ಳಿ" ಎಂದರು. ರಾಯರು ಒಂದು ಬೈನಾಕ್ಯುಲರ್ ಕೊಂಡರು. ಅಷ್ಟಕ್ಕೇ ನಿಲ್ಲಿಸಿದ್ದರೆ ಡಾಕ್ಟರ ಮಾತು ಗೆಲ್ಲುತ್ತಿತ್ತು. ಆದರೆ ಬೈನಾಕ್ಯುಲರಿನ ಹಿಂದೆಯೇ ವಾಟ್ಸ್‌ಆ್ಯಪ್ ಗುಂಪುಗಳೂ ಫೇಸ್‌ಬುಕ್ ಗುಂಪುಗಳೂ ಬಂದವು. ಈಗ ಒಂದಿದ್ದ ಬಿಪಿ ಮಾತ್ರೆ ಎರಡಾಗಿದೆ. ಬೆಳಿಗ್ಗೆ ಒಂದು, ರಾತ್ರಿ ಫೋನ್ ನೋಡಿದ ಮೇಲೆ ಒಂದು.

ಶುರುವಾದದ್ದು ಶಿವ್ಡಿಯ ಕಡಲಂಚಿನಲ್ಲಿ. ಚಳಿಗಾಲದಿಂದ ಮೇ ತಿಂಗಳವರೆಗೆ ಆ ಕೆಸರಿನಲ್ಲಿ, ಥಾಣೆ ಕ್ರೀಕ್ ಉದ್ದಕ್ಕೂ, ಸಾವಿರಗಟ್ಟಲೆ ರಾಜಹಂಸಗಳು, ಅಂದರೆ ಫ್ಲೆಮಿಂಗೊಗಳು, ಬಂದು ತಲೆ ಕೆಳಗೆ ಮಾಡಿ ತಿನ್ನುತ್ತಾ ನಿಲ್ಲುತ್ತವೆ. ರಾಯರು ಫೋನಿನಲ್ಲೇ ಒಂದು ಫೋಟೋ ಹೊಡೆದು "ಗುಲಾಬಿ ಮುಂಜಾವು" ಎಂದು ಬರೆದು ಹಾಕಿದರು. ತಕ್ಷಣ ಪ್ರಶ್ನೆ ಬಂತು: "ಲೆಸರ್ರೋ ಗ್ರೇಟರ್ರೋ?" ಇಲ್ಲಿಗೆ ಬರುವ ರಾಜಹಂಸಗಳಲ್ಲಿ ಈ ಎರಡು ಜಾತಿ. ಲೆಸರ್ ಆದರೆ ಕೊಕ್ಕೆಲ್ಲ ಕಡುಬಣ್ಣ. ಗ್ರೇಟರ್ ಆದರೆ ಗುಲಾಬಿ ಕೊಕ್ಕು, ತುದಿ ಮಾತ್ರ ಕಪ್ಪು. ರಾಯರ ಫೋಟೋದಲ್ಲಿ ಅಷ್ಟೂ ಹಕ್ಕಿಗಳ ಕೊಕ್ಕು ಕೆಸರಿನೊಳಗಿತ್ತು. "ಕೊಕ್ಕು ಕಾಣದ ಫೋಟೋ ಹಾಕುವುದು ಬೇಜವಾಬ್ದಾರಿ" ಎಂದರು ಒಬ್ಬರು. "ಭರತ ಇಳಿತದ ಟೈಮ್ ನೋಡದೆ ಶಿವ್ಡಿಗೆ ಯಾಕ್ರೀ ಹೋಗ್ತೀರಿ?" ಎಂದರು ಇನ್ನೊಬ್ಬರು. ಮತ್ತೊಬ್ಬರಿಗೆ ಗುಲಾಬಿ ಬಣ್ಣದ ಮೇಲೇ ಅನುಮಾನ. ಆ ಬಣ್ಣ ಬರುವುದು ಹಕ್ಕಿ ತಿನ್ನುವ ಪಾಚಿಯಿಂದ, ಸೀಗಡಿಯಂಥ ಸಣ್ಣ ಜೀವಿಗಳಿಂದ. ರಾಯರ ಫೋಟೋಕ್ಕೆ ಮಾತ್ರ ಅದು ಆ್ಯಪಿನಿಂದ ಬಂದದ್ದು ಎಂದು ತೀರ್ಪಾಯಿತು.

ಗುಂಪಿನಲ್ಲಿ ಮನುಷ್ಯನ ಬೆಲೆ ಗೊತ್ತಾಗುವುದು ಲೆನ್ಸಿನ ಉದ್ದದಿಂದ. 600 ಎಂಎಂ ಇದ್ದವರು ಹೇಳಿದ್ದೇ ವೇದ. 300 ಇದ್ದವರು "ರೆಕಾರ್ಡ್ ಶಾಟ್ ಅಷ್ಟೇ, ಕ್ಷಮೆ ಇರಲಿ" ಎಂದು ತಲೆ ತಗ್ಗಿಸಿಯೇ ಒಳಗೆ ಬರಬೇಕು. ಫೋನಿನವರು ಬಾಗಿಲ ಹೊರಗೆ. ಇನ್ನು ಬರೀ ಬೈನಾಕ್ಯುಲರ್ ಇಟ್ಟುಕೊಂಡವರು, ಅಂದರೆ ನಿಜವಾಗಿ ಹಕ್ಕಿಯನ್ನೇ ನೋಡುವವರು, ಸಾಕ್ಷಿ ಇಲ್ಲದ ಸುಳ್ಳರು.

ನಿಯಮಗಳೂ ಇವೆ. ಗೂಡಿನ ಫೋಟೋ ಹಾಕಬಾರದು. ಗೂಬೆ ಕೂರುವ ಮರ ಎಲ್ಲಿದೆ ಎಂದು ಹೇಳಬಾರದು. ಹಕ್ಕಿಯ ಕೂಗನ್ನು ಫೋನಿನಲ್ಲಿ ಹಾಕಿ ಅದನ್ನು ಕರೆಯಬಾರದು. ಮೂರೂ ಸರಿಯಾದ ನಿಯಮಗಳೇ, ಅದರಲ್ಲಿ ತಕರಾರಿಲ್ಲ. ಆ ಕೂಗು ಕೇಳಿದರೆ ಎದುರಾಳಿ ಬಂದನೆಂದು ಗಂಡು ಹಕ್ಕಿ, ಪಾಪ, ಮರಿಗೆ ತಿನ್ನಿಸುವ ಕೆಲಸ ಬಿಟ್ಟು ಜಗಳಕ್ಕೆ ಓಡಿ ಬರುತ್ತದೆ. ಕಷ್ಟ ಏನೆಂದರೆ, ಇದನ್ನು ತಡೆಯಲು ನಿಂತ ಅಣ್ಣಂದಿರ ಪಾಡೂ ಅದೇ. ಕಾಣದ ಎದುರಾಳಿಯ ದನಿ ಫೋನಿನಲ್ಲಿ ಕೇಳಿಸಿತೋ, ಬಡಿಸಿದ ತಟ್ಟೆ ಬಿಟ್ಟು, ಎದೆ ಉಬ್ಬಿಸಿಕೊಂಡು, ಪುಕ್ಕ ಕೆದರಿಕೊಂಡು ಹಾರಿ ಬರುತ್ತಾರೆ. ಮನೆಯ ಮರಿಗಳು ಹೋಮ್‌ವರ್ಕ್ ಹಿಡಿದುಕೊಂಡು ಕಾಯುತ್ತಿರುತ್ತವೆ.

ಕಳೆದ ಚಳಿಗಾಲದಲ್ಲಿ ಬೊರಿವಲಿಯ ನ್ಯಾಷನಲ್ ಪಾರ್ಕಿನಲ್ಲಿ ಒಂದು ಉಲಿಯಕ್ಕಿ (ವಾರ್ಬ್ಲರ್) ಕಾಣಿಸಿತು. ಹತ್ತು ಗ್ರಾಂ ಕೂಡ ತೂಗದ ಪ್ರಾಣಿ. ಹಸಿರೆಲೆಯ ನಡುವೆ ಹಸಿರಾಗಿ ಓಡಾಡುತ್ತದೆ. ಅದರ ನೆಂಟರೂ ನೋಡಲು ಹಾಗೇ ಇರುತ್ತಾರೆ. ಬಲ್ಲವರು ರೆಕ್ಕೆಯ ಮೇಲಿನ ಗೀಟು ನೋಡುತ್ತಾರೆ, ಕೂಗು ಕೇಳುತ್ತಾರೆ, ಆಮೇಲೂ ಸುಮ್ಮನಿರುತ್ತಾರೆ. ನಮ್ಮವರು ಸುಮ್ಮನಿರಲಿಲ್ಲ. ಒಂದು ಗೀಟೋ ಎರಡು ಗೀಟೋ ಎಂಬುದರ ಮೇಲೆ ಗುಂಪು ಒಡೆಯಿತು. ಒಂದು 'ಮೂಲ' ಗುಂಪು, ಇನ್ನೊಂದು 'ಅಸಲಿ' ಗುಂಪು. ಸಂಘ ಒಡೆಯುವುದು ಮುಂಬೈ ಕನ್ನಡಿಗರಿಗೆ ಹೊಸದೇನಲ್ಲ, ನಿಜ. ಆದರೆ ಅಲ್ಲಿ ಕನಿಷ್ಠ ಒಂದು ಅಧ್ಯಕ್ಷನ ಕುರ್ಚಿ ಇರುತ್ತದೆ, ವಾರ್ಷಿಕೋತ್ಸವದ ಊಟ ಇರುತ್ತದೆ. ಇಲ್ಲಿ ಬರೀ ಗೀಟು. ಉಲಿಯಕ್ಕಿ ಅಷ್ಟರಲ್ಲಿ ಬೇರೆ ಮರಕ್ಕೆ ಹೋಗಿತ್ತು.

ಅವತ್ತು ರಾಯರು ಮನೆಗೆ ಬಂದಾಗ ಅವರ ಮನೆಯವರು ಕೇಳಿದರಂತೆ, "ರೀ, ಹಕ್ಕಿ ನೋಡೋಕೆ ಹೋದವರು ಹುಲಿ ಅಟ್ಟಿಸಿಕೊಂಡು ಬಂದ ಹಾಗೆ ಯಾಕ್ರೀ ಏದುಸಿರು ಬಿಡ್ತಿದೀರಿ?"

ಇದೇ ಊರಿನ ಕಥೆ ಒಂದಿದೆ. 1896ರಲ್ಲಿ ಮುಂಬೈಯಲ್ಲಿ ಹುಟ್ಟಿದ ಒಬ್ಬ ಹುಡುಗ ಏರ್‌ಗನ್ನಿನಿಂದ ಗುಬ್ಬಿ ಹೊಡೆದ. ಅದರ ಕುತ್ತಿಗೆಯಲ್ಲಿ ಹಳದಿ ಮಚ್ಚೆ ಇತ್ತು. ಇದ್ಯಾವ ಗುಬ್ಬಿ ಎಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ. 1883ರಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿಯ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬ ಇಂಗ್ಲಿಷ್ ದೊರೆ. ಅವರು ಹುಡುಗನನ್ನು ಓಡಿಸಲಿಲ್ಲ. ಡ್ರಾಯರುಗಳನ್ನು ಎಳೆದು, ಹತ್ತಿ ತುಂಬಿಟ್ಟ ಹಕ್ಕಿಗಳನ್ನು ಒಂದೊಂದಾಗಿ ತೋರಿಸಿದರು. ಹುಡುಗ ಬೆಳೆದು ಹೆಸರಾಂತ ಪಕ್ಷಿತಜ್ಞ ಸಾಲಿಂ ಅಲಿ ಆದ. ಇವತ್ತಾಗಿದ್ದರೆ? ಗುಬ್ಬಿಯ ಫೋಟೋ ಬಿದ್ದ ಕೂಡಲೇ ಅದರ ಸ್ಕ್ರೀನ್‌ಶಾಟ್ ಎಲ್ಲ ಗುಂಪುಗಳನ್ನೂ ಸುತ್ತುತ್ತಿತ್ತು. ಹುಡುಗನ ಶಾಲೆ ಯಾವುದು, ಅಪ್ಪ ಯಾರು ಎಂದು ಪತ್ತೆ ಹಚ್ಚುತ್ತಿದ್ದರು. ಅಡ್ಮಿನ್ ಅವನನ್ನು ಹೊರಹಾಕುತ್ತಿದ್ದ. ಹುಡುಗ ಕ್ರಿಕೆಟ್ ಆಡಲು ಹೋಗುತ್ತಿದ್ದ. (ಗುಬ್ಬಿಗೆ ನ್ಯಾಯ ಸಿಗುತ್ತಿತ್ತು ಅನ್ನಿ, ಅದೂ ದೊಡ್ಡದೇ.)

ಎಲ್ಲಕ್ಕೂ ಇಷ್ಟು ಉತ್ಸಾಹ ಇದ್ದಿದ್ದರೆ ಸರಿ ಎನ್ನಬಹುದಿತ್ತು. 2024ರ ಮೇ ತಿಂಗಳ ಒಂದು ರಾತ್ರಿ ಘಾಟ್‌ಕೋಪರ್ ಮೇಲೆ ಹಾರುತ್ತಿದ್ದ ರಾಜಹಂಸಗಳ ಹಿಂಡಿಗೆ ವಿಮಾನ ಬಡಿದು 30ಕ್ಕೂ ಹೆಚ್ಚು ಹಕ್ಕಿಗಳು ಸತ್ತವು. ಅದೇ ಬೇಸಿಗೆಯಲ್ಲಿ ನೆರೂಳಿನಲ್ಲಿ ಅವು ತಂಗುವ ಕೆರೆಗೆ ಸಮುದ್ರದ ನೀರು ಬರುವ ದಾರಿ ಮುಚ್ಚಿಹೋಗಿ ಕೆರೆ ಒಣಗಿತ್ತು. ನಮ್ಮ ಗುಂಪಿನಲ್ಲಿ ಮೊದಲು ಕೈಮುಗಿದ ಚಿತ್ರಗಳು ಬಂದವು. ಆಮೇಲೆ ಸತ್ತವು ಲೆಸರ್ರೋ ಗ್ರೇಟರ್ರೋ ಎಂಬ ಚರ್ಚೆ. ಆಮೇಲೆ, ಬೀದಿಯಲ್ಲಿ ಬಿದ್ದ ಹಕ್ಕಿಯ ಫೋಟೋ ಮೊದಲು ಹಾಕಿದವರು ಯಾರು, ಅದರ ಮೇಲೆ ತಮ್ಮ ಹೆಸರು ಬರೆದುಕೊಂಡವರು ಯಾರು ಎಂಬ ಮಹಾಯುದ್ಧ. ಕೊನೆಗೆ ಯಾರೋ ಪುಣ್ಯಾತ್ಮರು ಕೆರೆ ಉಳಿಸುವ ಮನವಿಗೆ ಸಹಿ ಕೇಳಿದರು. ಅವತ್ತಿಡೀ ಗುಂಪು ತುಂಬ ಶಾಂತವಾಗಿತ್ತು.

ಇಂಥ ವಿಷದಲ್ಲಿ ಬದುಕುವುದು ಬೇಡ ಎಂದು ಜನ ಸೋಶಿಯಲ್ ಮೀಡಿಯಾ ಬಿಡತೊಡಗಿದರು. ಒಳ್ಳೆಯದೇ, ಅಲ್ವಾ? ಆದರೆ ಬಿಡುವುದಕ್ಕೂ ಒಂದು ಕ್ರಮ ಇದೆ. ಸುಮ್ನೆ ಎದ್ದು ಹೋಗುವಂತಿಲ್ಲ. "ಭಾರವಾದ ಮನಸ್ಸಿನಿಂದ" ಎಂದು ಶುರುಮಾಡಿ ಒಂದು ಪತ್ರ ಬರೆಯಬೇಕು. ನಡುವೆ ಪ್ರಕೃತಿಮಾತೆಗೆ ವಂದನೆ. ಕೊನೆಗೆ "ಯಾರ ಬಗ್ಗೆ ಹೇಳುತ್ತಿದ್ದೇನೆಂದು ಅವರಿಗೆ ಗೊತ್ತಿದೆ." ಇಷ್ಟು ಬರೆದ ಮೇಲೂ ಹೊರಗೆ ಹೋಗುವಂತಿಲ್ಲ. ಯಾರು ಯಾರು "ಬೇಡ ಸರ್, ಬಿಡಬೇಡಿ" ಎನ್ನುತ್ತಾರೆ ಎಂದು ಒಳಗೇ ಕೂತು ಎಣಿಸಬೇಕಲ್ಲ! ರಾಯರಿಗೆ ಹಾಗೆಂದವರು ಕಡಿಮೆಯಾದರು. ಅದಕ್ಕೆ ಅವರು ಎರಡನೇ ಪತ್ರ ಬರೆದರು. ಇದು ಮೊದಲಿನದಕ್ಕಿಂತ ಜಾಸ್ತಿ ಭಾರವಾಗಿತ್ತು.

ಬಿಟ್ಟವರೆಲ್ಲ ಸೇರಿ ಹೊಸ ಗುಂಪು ಮಾಡಿಕೊಂಡಿದ್ದಾರೆ. ಹೆಸರು 'ಮೌನ'. ಅದೂ ವಾಟ್ಸ್‌ಆ್ಯಪಿನಲ್ಲೇ. ವಾಟ್ಸ್‌ಆ್ಯಪ್ ಸೋಶಿಯಲ್ ಮೀಡಿಯಾದಲ್ಲಿ ಬರುವುದಿಲ್ಲ ಎಂದು ಮೊದಲ ದಿನವೇ ಠರಾವು ಪಾಸಾಯಿತು. ಅಲ್ಲಿ ದಿನಾ ರಾತ್ರಿ ಎಲ್ಲರೂ ಫೋನ್ ನೋಡಿದ ಹೊತ್ತಿನ ಲೆಕ್ಕ ಹಾಕುತ್ತಾರೆ. ಕಡಿಮೆ ಇದ್ದವರಿಗೆ ಚಪ್ಪಾಳೆ. ಒಬ್ಬರ ಲೆಕ್ಕ ತೀರಾ ಕಡಿಮೆ ಬಂದಾಗ, ಹೆಂಡತಿಯ ಫೋನ್ ಬಳಸುತ್ತಾರೆ ಎಂಬ ಆರೋಪ ಬಂತು. ಯೂಟ್ಯೂಬಿನಲ್ಲಿ ಭಜನೆ ಕೇಳಿದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಗುಂಡಿ ಒತ್ತುವ ಹಳೆಯ ಫೋನ್ ಕೊಂಡ ಒಬ್ಬರು ಈಗ ಅಲ್ಲಿಯ 600 ಎಂಎಂ. ಅವರಿಗೆ ವಾಟ್ಸ್‌ಆ್ಯಪ್ ಬರುವುದಿಲ್ಲವಾದ್ದರಿಂದ ಅವರ ಅಭಿಪ್ರಾಯವನ್ನು ಬೇರೆಯವರು ಕೇಳಿ ಟೈಪ್ ಮಾಡುತ್ತಾರೆ.

ಮೊನ್ನೆ ಭಾನುವಾರ 'ಮೌನ'ದವರು ಮುಖಾಮುಖಿ ಸೇರಿದರು. ಫೋನ್ ಮನೆಯಲ್ಲೇ ಬಿಟ್ಟು ಬರಬೇಕು ಎಂಬ ಕಟ್ಟಪ್ಪಣೆ. ಬೆಳಿಗ್ಗೆ ಮಾಟುಂಗಾದ ಫೈವ್ ಗಾರ್ಡನ್ಸ್ ಸುತ್ತಿ, ಆಮೇಲೆ ಹತ್ತಿರದ ಉಡುಪಿ ಹೋಟೆಲಿಗೆ ಬಂದು ಕೂತರು. ಇಡ್ಲಿ ವಡೆ ಬಂತು. ಅಷ್ಟರಲ್ಲಿ ಎಲ್ಲಿಂದಲೋ ಟುಕ್ ಟುಕ್ ಟುಕ್ ಎಂಬ ದನಿ. "ಕಾಪರ್‌ಸ್ಮಿತ್!" ಎಂದರು ಒಬ್ಬರು, ಮುಂಬೈಯ ನಗರಪಕ್ಷಿ ಎಂಬ ಅಭಿಮಾನದಿಂದ. "ಇಷ್ಟು ಬೇಗ ಬೇಗ ಕೂಗಲ್ಲ ಅದು" ಎಂದರು ಎದುರಿನವರು. "ಅಡುಗೆಮನೆಯಲ್ಲಿ ಏನೋ ಕುಟ್ತಿದಾರೆ" ಎಂದರು ಬಟನ್ ಫೋನಿನವರು. ವಡೆ ತಣ್ಣಗಾಯಿತು. ದನಿ ಏರಿತು. ಹಳೆಯ ಗೀಟಿನ ಮಾತೂ ಬಂತು. ಕೊನೆಗೆ ದನಿ ರಾಯರ ಜೇಬಿನಿಂದ ಬರುತ್ತಿದೆ ಎಂದು ಗೊತ್ತಾಯಿತು. ಅವರ ನೋಟಿಫಿಕೇಶನ್ ಅದು. ಹಳೆಯ ಗುಂಪಿನಲ್ಲಿ ಯಾರೋ ಅವರ ಎರಡನೇ ಪತ್ರಕ್ಕೆ ಈಗ ಉತ್ತರ ಬರೆದಿದ್ದರು.

"ನಾನು ನೋಡ್ತಿಲ್ಲಪ್ಪಾ, ಬರೀ ಇಟ್ಕೊಂಡಿದೀನಿ" ಎಂದರು ರಾಯರು.

ಎಲ್ಲರೂ ಎದ್ದು ನಿಂತು ಕೂಗಾಡುತ್ತಿರುವಾಗ ಸಪ್ಲೈಯರ್ ಹುಡುಗ ಬಂದ. "ಸಾರ್, ಬಿಲ್ ಒಂದೇ ಮಾಡ್ಲಾ, ಬೇರೆ ಬೇರೆನಾ?"

"ಬೇರೆ ಬೇರೆ" ಎಂದರು ಎಲ್ಲರೂ, ಒಟ್ಟಿಗೇ.